ನರ್ಸಬಾಯಿಯ ಬಲಗೆನ್ನೆ

ನಮ್ಮ ನರ್ಸಬಾಯಿಯ ಎಡಗೆನ್ನೆ ಸಾಣೆ ಹಿಡಿದ ಹಾಗೆ ನಯ. ಬಲಗೆನ್ನೆಯ ತುಂಬ ಹಳೆಯ ಮೊಡವೆಗಳ ತಗ್ಗು, ಮೊದಲ ಹನಿಗಳು ಬಿದ್ದ ಹುಡಿಮಣ್ಣಿನ ಹಾಗೆ. ಬೈಲಹೊಂಗಲದ ಸಣ್ಣ ದವಾಖಾನೆಯ ಬಾಗಿಲನ್ನು ಅವರು ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ತೆರೆಯುತ್ತಿದ್ದರು. ಯಾವ ಕೆಲಸಕ್ಕಾದರೂ ಐದು ನಿಮಿಷ ತಡವಾದರೆ ನಾನು ಇಂದಿಗೂ ಚಡಪಡಿಸುತ್ತೇನೆ. ಅದು ಅವರು ಹಚ್ಚಿದ ಚಟ.

ಎಪ್ಪತ್ತರ ದಶಕದ ನಡುಭಾಗ, ನನಗೆ ಹತ್ತೊಂಬತ್ತು. ನನ್ನ ಮುಖದ ಮೊಡವೆ ನಿಂತು ವರ್ಷವಾಗಿತ್ತು, ತಗ್ಗುಗಳು ಉಳಿದಿದ್ದವು. ಶಂಖ ತೇಯ್ದು ಹಚ್ಚಿದ್ದಾಯಿತು, ಬೇಳೆ ಅರೆದು ಬಳಿದದ್ದಾಯಿತು. ದೊಡವಾಡದಿಂದ ವರನ ಕಡೆಯವರು ಹದಿನೈದು ದಿನಕ್ಕೆ ಬರುವವರಿದ್ದರು. ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜದ ಎಣ್ಣೆ ಹಳೆಯ ಚರ್ಮವನ್ನು ಸುಟ್ಟು ಹೊಸದನ್ನು ತರುತ್ತದೆ ಎಂದು ಯಾರೋ ಅಂದದ್ದನ್ನು ಅವ್ವ ನಂಬಿದಳು. ಹಚ್ಚಲು ಶುದ್ಧ ಹತ್ತಿಯೇ ಬೇಕೆಂದು ಸೀಸೆಯ ಸಮೇತ ನನ್ನನ್ನು ದವಾಖಾನೆಗೇ ಕರೆದೊಯ್ದಳು!

ಹತ್ತಿ ಯಾತಕ್ಕೆಂದು ಕೇಳಿದ ನರ್ಸಬಾಯಿ ಸೀಸೆ ಕಸಿದುಕೊಂಡು ಮೋರಿಗೆ ಸುರಿದರು. ಅವ್ವ ವರನ ಮಾತು ತೆಗೆದಳು. ನರ್ಸಬಾಯಿ ಅಂದರು:

“ವರ ಹೋದ್ರ ಇನ್ನೊಬ್ಬ ಬರ್ತಾನ್ರಿ ಅಕ್ಕಾರ. ಸುಟ್ಟ ಮಾರಿ ತಿರಗಿ ಬರಂಗಿಲ್ಲ.”

ಆಮೇಲೆ ನನ್ನನ್ನು ಕಿಟಕಿಯ ಪಕ್ಕ ನಿಲ್ಲಿಸಿ ಓರೆ ಬೆಳಕಿನಲ್ಲಿ ಮುಖ ನೋಡಿದರು. ಮುಲಾಮಿನಿಂದ ಕಲೆ ತಿಳಿಯಾದೀತು, ತಗ್ಗು ತುಂಬುವುದಿಲ್ಲ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಚರ್ಮ ಮರಗಟ್ಟಿಸಿ, ತಿರುಗುವ ಸಣ್ಣ ಚಕ್ರದಿಂದ ಮೇಲುಪದರ ಉಜ್ಜುತ್ತಾರೆ. ಆಳ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ, ಬಿಸಿಲು ತಾಗಿದರೆ ಕಪ್ಪಾಗುತ್ತದೆ. ಏನೂ ಮಾಡದೆ ಇರುವುದೂ ಒಂದು ದಾರಿ. ಇಷ್ಟು ಹೇಳಿ ತಮ್ಮ ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದರು.

“ಎರಡೂ ಗಲ್ಲ ನೋಡು, ಎಡಕ್ಕ ಉಜ್ಜಿಸೀನಿ, ಬಲಕ್ಕ ಇಲ್ಲ. ಆಮ್ಯಾಲ ನೀನ ಹೇಳು.”

ನನ್ನ ಮುಖದ ಮಾತನ್ನು ನನ್ನನ್ನೇ ಕೇಳಿದವರು ಅವರೊಬ್ಬರೇ. ಮಾಡಿಸುತ್ತೇನೆ ಎಂದೆ.

ಹುಬ್ಬಳ್ಳಿಯ ಡಾಕ್ಟರು ಮೊದಲು ಕಿವಿಯ ಹತ್ತಿರ ಚುಕ್ಕೆಯಷ್ಟು ಉಜ್ಜಿ, ಕೆಲವು ವಾರ ಕಾದರು, ಕಪ್ಪಾಗಲಿಲ್ಲ. ವರನ ಕಡೆಯವರು ಕಾಯಲಿಲ್ಲ. ಆಪರೇಶನ್ನಿಗೆ ರಜೆ ಹಾಕಿ ನರ್ಸಬಾಯಿಯೇ ಜೊತೆಗೆ ಬಂದರು. ಮುಖದ ತುಂಬ ಹಕ್ಕಳೆ ಕಟ್ಟಿತು. ನಮ್ಮ ಮನೆಯ ಕನ್ನಡಿಯನ್ನು ಅವರು ದವಾಖಾನೆಗೆ ಒಯ್ದು ಬೀಗ ಹಾಕಿಟ್ಟರು. ಮುಖ ತೊಳೆಯುವ ಹೊತ್ತು, ಮುಲಾಮಿನ ಹೊತ್ತು, ಹೊರಗೆ ಕಾಲಿಡದ ಹೊತ್ತು, ಎಲ್ಲ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರು. ಒಂದು ದಿನವೂ ತಪ್ಪಿಸಲಿಲ್ಲ ನಾನು. ಕೊನೆಯ ಹಕ್ಕಳೆ ಉದುರಿದ ಬೆಳಿಗ್ಗೆ ಎಂಟು ಹೊಡೆಯುವ ಮೊದಲೇ ದವಾಖಾನೆಯ ಬಾಗಿಲಲ್ಲಿದ್ದೆ.

“ಕನ್ನಡಿ ಕೊಡ್ರಿ ಬಾಯಾರ.”

“ಕೈ ತೊಳಿ, ಕಣ್ಣ ಮುಚ್ಚು. ಬೆರಳ ಮೊದಲ, ಕನ್ನಡಿ ಆಮ್ಯಾಲ.”

ಕೆನ್ನೆಯ ಮೇಲೆ ಬೆರಳು ಜಾರಿತು! ಒಂದು ಕಡೆ ಎಡವಿತು, ಮತ್ತೆ ಜಾರಿತು. ನಕ್ಕರೆ ಹೊಸ ಚರ್ಮ ಬಿಗಿಯಿತು, ಆದರೂ ನಗು ನಿಲ್ಲಲಿಲ್ಲ. ಕನ್ನಡಿಯಲ್ಲಿ ಮುಖ ದಾಸವಾಳದಷ್ಟು ಕೆಂಪಾಗಿತ್ತು. ಮುಂದೆ ತಿಂಗಳುಗಟ್ಟಲೆ ಛತ್ರಿ ಹಿಡಿದು ಊರೆಲ್ಲ ತಿರುಗಿದೆ. ಸೆರಗನ್ನು ಮಾತ್ರ ಮುಖಕ್ಕೆ ಎಳೆಯಲಿಲ್ಲ.

ಅವರು ಬಲಗೆನ್ನೆಯನ್ನು ಯಾಕೆ ಹಾಗೆಯೇ ಬಿಟ್ಟರೆಂದು ಅಂದೇ ಕೇಳಿದೆ. ಎಡಗೆನ್ನೆ ಮುಗಿಯುವಷ್ಟರಲ್ಲಿ ರಜೆ ತೀರಿತ್ತಂತೆ. ಆಮೇಲೆ ನನ್ನಂಥ ಹುಡುಗಿಯರು ಒಬ್ಬೊಬ್ಬರೇ ಬರತೊಡಗಿದರಂತೆ.

“ಇದನ್ನೂ ಉಜ್ಜಿಸಿದ್ರ ನಿಮಗ ಏನ ತೋರಸ್ಲಿ?”

ಅವರು ತೀರಿಕೊಂಡ ದಿನ ಬಲಗಡೆ ಹೋಗಿ ಕುಳಿತೆ. ಕೈ ತೊಳೆದುಕೊಂಡೇ ಬಂದಿದ್ದೆ. ಕಣ್ಣು ಮುಚ್ಚಿ ಆ ಕೆನ್ನೆಯ ಮೇಲೆ ಬೆರಳಿಟ್ಟೆ. ಒಂದೊಂದು ತಗ್ಗಿನಲ್ಲೂ ಅದು ನಿಂತು ನಿಂತು ಹೋಯಿತು.