ಲಕ್ಷ್ಮಣನ ಮಾಗಿದ ಕಿವಿ

ಲೋಂಡಾ ಕಡೆಯ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿ ಹಾಡಿನ ಮಾತು ಬಂದರೆ ಕೊನೆಯ ತೀರ್ಪು ಲಕ್ಷ್ಮಣನದು. ಊಟದ ಹೊತ್ತಿಗೆ ಯಾರಾದರೂ ಮೊಬೈಲಿನಲ್ಲಿ ಹಾಡು ಹಚ್ಚಿದಾಗ ಅವನು ರೊಟ್ಟಿ ಮುರಿಯುತ್ತ ಒಂದು ಗಳಿಗೆ ಕೇಳಿ ಜೀವ ಇಲ್ಲ ಇದರಲ್ಲಿ ಎಂದರೆ ಸಾಕು, ಹಾಡು ಅಲ್ಲಿಗೆ ಬಂದ್. ಇಪ್ಪತ್ತಮೂರು ವರ್ಷ ಹಳಿಯ ಮೇಲೆ ಸುತ್ತಿಗೆ ಬೀಸಿದ ಆಳು, ಐವತ್ತರ ಹೊಸ್ತಿಲಲ್ಲಿದ್ದ. ಬೇರೆ ಯಾವ ವಿಷಯದಲ್ಲೂ ಅವನು ತಾನು ತಿಳಿದವನೆಂದು ಹೇಳಿಕೊಂಡಿರಲಿಲ್ಲ.

ಖಾನಾಪುರ ತಾಲೂಕಿನ ಕುರುಬರ ಮನೆಯವನು. ಅಪ್ಪ ಮೈಲಾರಲಿಂಗ ಕುರಿಯ ಹಿಂದೆ ತಿರುಗುವಾಗ ಸೊಂಟದಲ್ಲಿ ಒಂದು ಸಣ್ಣ ಕೊಳಲು ಸಿಕ್ಕಿಸಿಕೊಂಡಿರುತ್ತಿದ್ದ. ಹುಡುಗನಾಗಿದ್ದಾಗ ಲಕ್ಷ್ಮಣನಿಗೆ ಆ ಕೊಳಲೊಂದೇ ಸಂಗೀತ. ದೊಡ್ಡವರು ಬೀರಪ್ಪನ ಗುಡಿಯ ಮುಂದೆ ಡೊಳ್ಳು ಎತ್ತಿದರೆ ಕಿವಿ ಮುಚ್ಚಿಕೊಂಡು ಓಡುತ್ತಿದ್ದ. ಇಪ್ಪತ್ತರ ಹರೆಯದಲ್ಲಿ ಪೀರನವಾಡಿಯ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತ. ಅಲ್ಲಿ ಟೇಪ್‌ರೆಕಾರ್ಡರ್ ದಿನವಿಡೀ ಹಾಡುತ್ತಿತ್ತು. ಬೆಳಿಗ್ಗೆ ಮರಾಠಿ ಅಭಂಗ, ಆಮೇಲೆ ಹಿಂದಿ, ಸಂಜೆಗೆ ಕನ್ನಡ. ಹೆಣ್ಣುದನಿ ಮೇಲಕ್ಕೆ ಏರಿದಲ್ಲಿ ನಟ್ಟು ತಿರುವುತ್ತಿದ್ದ ಪಾನಾ ಅವನ ಕೈಯೊಳಗೇ ನಿಂತುಬಿಡುತ್ತಿತ್ತು. ಮಾಲೀಕ ಬೈದರೂ ಆ ಚಟ ಬಿಡಲಿಲ್ಲ.

ರೈಲ್ವೆ ನೌಕರಿ ಸಿಕ್ಕ ಮರುವರ್ಷ ಹೆಣ್ಣು ನೋಡಲು ಹೋದ. ಹಿರಿಯರ ಜೊತೆ ಪಡಸಾಲೆಯಲ್ಲಿ ಕುಳಿತಿದ್ದಾಗ ಒಳಗೆ ಶಾವಿಗೆ ಹೊಸೆಯುತ್ತಿದ್ದ ಹೆಂಗಸರ ನಡುವಿನಿಂದ ಒಂದು ದನಿ ಎದ್ದು ಬಂತು. ಅದು ಹುಡುಗಿಯದೇ ಎಂದು ತಿಳಿದದ್ದೇ ತಡ, ಮುಖವನ್ನೂ ನೋಡದೆ ಒಪ್ಪಿಗೆ ಎಂದುಬಿಟ್ಟ. ಆ ಹುಡುಗಿ ಸಿದ್ದಕ್ಕ. ಈ ಕತೆಯನ್ನು ಅವನ ಮನೆಯಲ್ಲಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ನಲವತ್ತು ದಾಟುತ್ತಿದ್ದಂತೆ ಅವನ ರುಚಿ ಬದಲಾಯಿತು. ಕೊಳಲು ಸಪ್ಪೆ ಎನಿಸತೊಡಗಿತು. ಗಾಯಕಿಯರೆಲ್ಲ ಬಾಯೊಳಗೇ ಗುನುಗುತ್ತಾರೆ ಎನಿಸಿತು. ಈಗ ಅವನಿಗೆ ಡೊಳ್ಳು ಬೇಕು, ಕರಡಿ ಮಜಲಿನ ವಾದ್ಯ ಬೇಕು. ಡೀಸೆಲ್ ಎಂಜಿನ್ನು ಘಾಟಿ ಏರುವಾಗಿನ ಆ ಧಡಧಡ ಎದೆಗೂಡಿಗೆ ಬಡಿದರೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ವಯಸ್ಸಾದಂತೆ ಕಿವಿ ಮಾಗುತ್ತದೆ, ಹುಡುಗರಿಗಷ್ಟೇ ಸಿಹಿ ಬೇಕು ಎಂದು ಗ್ಯಾಂಗಿನವರಿಗೆ ತಿಳಿಸಿ ಹೇಳುತ್ತಿದ್ದ. ಕುಲದ ಹಿರಿಯರಿಗೂ ಅವನು ಡೊಳ್ಳಿನ ದಾರಿಗೆ ಬಂದನೆಂದು ಸಮಾಧಾನವಾಗಿತ್ತು.

ಏಳು ವರ್ಷದ ಹಿಂದೆ ಅವನ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಸಿದ್ದಕ್ಕ ಜೋಗುಳ ಹಾಡಿದಳು. ಹೆಂಗಸರು ಇನ್ನೊಂದು ಹಾಡೆಂದು ದುಂಬಾಲು ಬಿದ್ದರು. ಲಕ್ಷ್ಮಣ ಬಾಗಿಲಲ್ಲಿ ನಿಂತೇ ಹೇಳಿದ: "ಸಾಕ್ ಬಿಡ. ನಿನ್ನ ದನಿ ಹೋಗೇತಿ. ಸವದ ಹೋಗೇತಿ."

ನೋಯಿಸುವ ಮನಸ್ಸು ಅವನಿಗಿರಲಿಲ್ಲ. ಹಾಡಿನ ವಿಷಯದಲ್ಲಿ ಹೆಂಡತಿಗೂ ಸುಳ್ಳು ಹೇಳಬಾರದೆಂಬುದು ಅವನ ಹಟ. ಸಿದ್ದಕ್ಕ ನಕ್ಕಂತೆ ಮಾಡಿ ಎದ್ದು ಒಳಗೆ ಹೋದಳು. ಆ ದಿನದಿಂದ ಅವಳು ಹಾಡಲಿಲ್ಲ.

ಈ ವರ್ಷ ಮೇ ತಿಂಗಳ ಕೊನೆಗೆ, ಮಳೆಗಾಲಕ್ಕೆ ಮುಂಚಿನ ಹಳಿ ಕೆಲಸ ನಡೆದಿತ್ತು. ಗ್ಯಾಂಗಿನಲ್ಲಿ ಲಕ್ಷ್ಮಣನಿಗೆ ಹತ್ತಿರದವನೆಂದರೆ ನಾಗಲಿಂಗ, ನಗೆಚಾಟಿಕೆಯ ಮನುಷ್ಯ. ಅವನು ಕೆಲಸ ನಿಲ್ಲಿಸಿ ಕಾಡಿನ ಕಡೆ ಬೆರಳು ಮಾಡಿದ.

"ಲಕ್ಷ್ಮಣಣ್ಣಾ, ಈ ಹಕ್ಕಿಗೂ ಜೀವ ಇಲ್ಲ ಅಂತಿಯೇನ? ಮುಂಜಾನಿಂದ ಮನಷಾರ ಗತೆ ಸೀಟಿ ಹೊಡ್ಯಾಕತ್ತೈತಿ."

ಹಳ್ಳದ ಬಂಡೆಯ ಮೇಲೆ ಕಡುನೀಲಿ ಹಕ್ಕಿಯೊಂದು ಕೂತಿತ್ತು. ಕೊಕ್ಕು ತೆರೆಯುತ್ತಿತ್ತು, ಗಂಟಲು ನಡುಗುತ್ತಿತ್ತು. ಲಕ್ಷ್ಮಣನಿಗೆ ಕೇಳಿದ್ದು ಹಿಂದೆ ನಿಂತಿದ್ದ ಜನರೇಟರಿನ ಗುಡುಗುಡು ಮಾತ್ರ. ಛಲೋ ಐತಿ ಎಂದು ಹೇಳಿ ಮತ್ತೆ ಸುತ್ತಿಗೆ ಎತ್ತಿದ. ಎತ್ತಿದ ಸುತ್ತಿಗೆ ಗುರಿ ತಪ್ಪಿ ಹಳಿಯಡಿಯ ಖಡಿಗಲ್ಲಿನ ಮೇಲೆ ಬಿತ್ತು.

ರವಿವಾರ ಬೆಳಗಾವಿಗೆ ಹೋದ. ಮಗಳು ಮನಿಷಾ ರಾಮತೀರ್ಥ ನಗರದಲ್ಲಿ ರೂಮು ಮಾಡಿಕೊಂಡು ಎಂ.ಎ. ಓದುತ್ತಿದ್ದಳು. ಚಹಾ ಕುಡಿದಾದ ಮೇಲೆ, ಅಜ್ಜ ನುಡಿಸುತ್ತಿದ್ದಂಥ ಸಣ್ಣ ಕೊಳಲಿನದು ಏನಾದರೂ ಹಚ್ಚು ಎಂದ. ಅವಳು ಮೊಬೈಲನ್ನು ಅವನ ಮುಂದಿಟ್ಟಳು. ಅವನು ಬಾಗಿ ಕುಳಿತು ಕಾದ.

"ಯಾವಾಗ ಸುರು ಆಗತೈತಿ ಇದು?"

"ಅಪ್ಪಾ, ಸುರು ಆಗಿ ಎರಡ ಮಿನಿಟ ಆತು."

ಅವಳು ಮೊಬೈಲು ಬಂದ್ ಮಾಡಿದಳು. ಆಮೇಲೆ ಮನಿಷಾ ಒಂದೊಂದೇ ಕೇಳುತ್ತ ಹೋದಳು. ಕುಕ್ಕರ್ ಕೂಗುವುದು ಕೇಳುತ್ತದೆಯೇ, ಬಾಗಿಲ ಗಂಟೆ ಕೇಳುತ್ತದೆಯೇ, ರೈಲುಗಾಡಿಯ ಹಾರ್ನು? ಕೊನೆಯದಕ್ಕೆ ಅವನು ಎದ್ದು ಚಪ್ಪಲಿ ಹುಡುಕಿದ. ಸಾಹೇಬರಿಗೆ ನಾಳೆಯೇ ತಿಳಿಸು, ನೌಕರಿ ಹೋಗುವುದಿಲ್ಲ, ಹಳಿ ಬಿಡಿಸಿ ಬೇರೆ ಕೆಲಸ ಕೊಡುತ್ತಾರೆ ಎಂದು ಅವಳು ಬೇಡಿಕೊಂಡಳು. ಅವನು ತಲೆ ಅಲ್ಲಾಡಿಸಿದ.

"ನೌಕರಿ ಚಿಂತಿ ಇಲ್ಲ ನನಗ. ಇಷ್ಟ ವರ್ಷ ಆ ಹಾಡ ಹಂಗ, ಈ ದನಿ ಹಿಂಗ ಅಂತ ಅಂದೆ. ಅದೆಲ್ಲಾ ಏನಾತು ಹಂಗಾರ? ನಿಮ್ಮವ್ವಗ ಏನಂತ ಹೇಳ್ಲಿ?"

ಸಾಹೇಬರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಮನೆಗೆ ಬಂದವನೇ ಸಿದ್ದಕ್ಕನ ಹತ್ತಿರ ಒಂದು ಹಾಡು ಹೇಳೆಂದು ಕೇಳಿದ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ನನ್ನ ದನಿ ಹೋಗಿ ಏಳ ವರ್ಷ ಆತಲ್ರೀ. ನೀವ ಹೇಳಿದ್ರಿ."

ಆ ಹೊತ್ತಿಗೆ ಬಾಯಿ ಬಿಟ್ಟಿದ್ದರೆ ಮುಂದಿನ ವಾರ ಬೇರೆಯದೇ ಆಗುತ್ತಿತ್ತು. ಅವನು ಅಂಗಳಕ್ಕೆ ಹೋಗಿ ಕೂತ.

ಗುರುವಾರ ಕಾವಲಿನ ಸರದಿ ಲಕ್ಷ್ಮಣನಿಗೆ ಬಂತು. ಎಂಟು ಜನ ಹಳಿಯ ಮೇಲೆ ಬಾಗಿ ಕೆಲಸ ಮಾಡುವಾಗ ಒಬ್ಬ ಕೆಂಪು ಬಾವುಟ, ಸೀಟಿ ಹಿಡಿದು ತಿರುವಿನಲ್ಲಿ ನಿಂತಿರಬೇಕು. ಗಾಡಿಯ ಸುಳಿವು ಹತ್ತಿದೊಡನೆ ಸೀಟಿ ಊದಬೇಕು. ಎಲ್ಲರೂ ಬಾಜು ಸರಿಯಬೇಕು. ಕಾಡು ದಟ್ಟವಾದ ಕಡೆ ಕಣ್ಣಿಗಿಂತ ಮೊದಲು ಕಿವಿಗೆ ಗಾಡಿ ಸಿಗುತ್ತದೆ. ಡೀಸೆಲ್ಲಿನ ಕಾಲದಲ್ಲಿ ಎಂಜಿನ್ನಿನ ಧಡಧಡವೇ ಅವನನ್ನು ಉಳಿಸಿತ್ತು. ಈಗ ಲೈನಿಗೆ ಕರೆಂಟು ಬಂದಿದೆ. ಎಂಜಿನ್ನು ಸದ್ದಿಲ್ಲದೆ ಜಾರಿಕೊಂಡು ಬರುತ್ತದೆ, ಮೊದಲು ಕೇಳುವುದು ಹಾರ್ನು.

ಅವನು ಕಣ್ಣು ಮಿಟುಕಿಸದೆ ನಿಂತ. ಕೆಳಗೆ ಎಂಟು ಬೆನ್ನುಗಳು ಏಳುತ್ತ ಬೀಳುತ್ತ ಇದ್ದವು. ಅರ್ಧ ಗಂಟೆಯಲ್ಲಿ ಅವನ ಬೆನ್ನ ತುಂಬ ಬೆವರು. ಎಲೆಗಳ ನಡುವೆ ಏನೋ ಹೊಳೆದಂತಾಗಿ ಸೀಟಿ ಊದಿದ. ಎಲ್ಲರೂ ಸಲಕರಣೆ ಎತ್ತಿಕೊಂಡು ಸರಿದರು. ಗಾಡಿ ಬರಲಿಲ್ಲ. ಮತ್ತೆ ಊದಿದ, ಬರಲಿಲ್ಲ. ನಡುವೆ ಒಂದು ಗಾಡಿ ನಿಜವಾಗಿ ಬಂತು, ಕಣ್ಣಿಗೆ ಬಿದ್ದ ಮೇಲೆ ಊದಿದ. ಕೆಳಗಿನವರು ಹಾರ್ನಿಗೇ ಆಗಲೇ ಬಾಜು ಆಗಿದ್ದರು. ಅದನ್ನು ಅವನು ಕಂಡ. ಆಮೇಲೆ ಗಾಳಿ ಬೀಸಿದರೂ ಊದಿದ.

ಮೇಟ್ ಗುರುಪುತ್ರಪ್ಪ ಗ್ಯಾಂಗಿನ ಹಿರಿಯ, ಸಿಟ್ಟು ಬರುವುದು ಅಪರೂಪ. ಐದನೆಯ ಸಲ ಜನ ಸರಿದು ನಿಂತಾಗ ಅವನೇ ತಿರುವಿನವರೆಗೆ ಬಂದ.

"ಏನೋ ಇದು? ಗಾಡಿ ಎಲ್ಲೈತಿ, ಕನಸಿನ್ಯಾಗ ಬಂತೇನ?"

ಕೆಳಗಿನಿಂದ ನಾಗಲಿಂಗ ದನಿ ಎತ್ತಿ ಹೇಳಿದ: "ಬೈಬ್ಯಾಡ್ರಿ ಮೇಟ್ರ. ಅಣ್ಣಗ ಬರೂ ವಾರದ ಗಾಡಿ ಈಗ ಕೇಳಸಾಕತ್ತಾವ. ಕಿವಿ ಅಷ್ಟ ಮಾಗ್ಯಾವ."

ಎಲ್ಲರೂ ನಕ್ಕರು. ಇನ್ನು ಸುಮ್ಮಸುಮ್ಮನೆ ಊದಿದರೆ ಯಾರೂ ಏಳುವುದಿಲ್ಲವೆಂದು ಒಬ್ಬ ಕೂಗಿದ. ಮೇಟ್ ಗೊಣಗುತ್ತ ಇಳಿದು ಹೋದ. ಸುತ್ತಿಗೆಗಳು ಮತ್ತೆ ಎದ್ದವು.

ಲಕ್ಷ್ಮಣ ಸೀಟಿಯನ್ನು ತುಟಿಗೆ ತಂದು ಹಿಡಿದುಕೊಂಡ. ಊದಿದರೆ ಅವರು ಏಳುವುದಿಲ್ಲ. ಊದದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ. ಸುತ್ತಿಗೆಯ ಸದ್ದಿನಲ್ಲಿ ಹಾರ್ನು ಪ್ರತಿ ಸಲ ಅವರಿಗೆ ಕೇಳುತ್ತದೆಂದು ಹೇಳುವುದು ಹೇಗೆ? ಕಾಡು ಅವನ ಸುತ್ತ ಬಾಯಿ ಮುಚ್ಚಿಕೊಂಡು ನಿಂತಿತ್ತು. ಗಾಡಿ ಆ ಮರಗಳ ಹಿಂದೆಯೇ ಇರಬಹುದು, ಇಲ್ಲದೆಯೂ ಇರಬಹುದು. ಅವನು ಸೀಟಿಯನ್ನು ತುಟಿಯಿಂದ ಇಳಿಸಿದ.

ಕಾವಲಿನ ಜಾಗ ಬಿಟ್ಟು ಅವನು ಇಳಿದು ಓಡಿದ. ಜೀವನದಲ್ಲಿ ಒಮ್ಮೆಯೂ ಹಾಗೆ ಮಾಡಿರಲಿಲ್ಲ. ಕೆಂಪು ಬಾವುಟವನ್ನೂ ಸೀಟಿಯನ್ನೂ ಗುರುಪುತ್ರಪ್ಪನ ಕೈಗೆ ತುರುಕಿದ.

"ನನಗ ಕೇಳಸೂದಿಲ್ರಿ ಮೇಟ್ರ. ಹಕ್ಕಿ ಕೇಳಸೂದಿಲ್ಲ, ನಮ್ಮಾಕಿ ಹಾಡಿದ್ದ ಕೇಳಸೂದಿಲ್ಲ, ಗಾಡಿ ಹಾರ್ನೂ ಇಲ್ಲ. ನನ್ನ ನಂಬಿ ಹಳಿ ಮ್ಯಾಲ ನಿಂದರಬ್ಯಾಡ್ರಿ. ಏಳ್ರಿ ಎಲ್ಲಾರೂ."

ಒಂದಿಬ್ಬರು ಇದೂ ಚೇಷ್ಟೆಯೆಂದು ಹಲ್ಲು ಕಿಸಿದರು. ಗುರುಪುತ್ರಪ್ಪ ಅವನ ಮುಖ ನೋಡಿದವನೇ ಎಲ್ಲರನ್ನೂ ಕೈಸನ್ನೆಯಿಂದ ಹಳಿಯಾಚೆಗೆ ದೂಡಿದ. ಖಡಿಯ ದಿಬ್ಬದ ಮೇಲೆ ಸಾಲಾಗಿ ನಿಂತರು. ಯಾವಾಗಿನಿಂದ ಹೀಗೆ ಎಂದು ಮೇಟ್ ಕೇಳಿದ. ಲಕ್ಷ್ಮಣ ಹಿಂದಕ್ಕೆ ಲೆಕ್ಕ ಹಾಕಲು ನೋಡಿದ. ರುಚಿ ಬದಲಾಯಿತೆಂದುಕೊಂಡ ದಿನ ಯಾವುದೆಂದು ನೆನಪಾಗಲಿಲ್ಲ. ನಾಗಲಿಂಗ ತಲೆ ತಗ್ಗಿಸಿ ನಿಂತಿದ್ದ.

ಆಗ ಎಂಟೂ ತಲೆಗಳು ಒಮ್ಮೆಲೇ ತಿರುವಿನ ಕಡೆ ಹೊರಳಿದವು. ಅವರನ್ನು ಕಂಡು ಲಕ್ಷ್ಮಣನೂ ಹೊರಳಿದ. ಕಾಲಡಿಯ ಕಲ್ಲು ಅದುರುವವರೆಗೂ ಅವನಿಗೆ ಏನೂ ಕೇಳಿಸಲಿಲ್ಲ.