ಕುಂಡದ ತಳದ ತೂತು

ಕಿಂಗ್ಸ್‌ಬರಿಯ ನಮ್ಮ ಹಿತ್ತಿಲ ಕುಂಡದಲ್ಲಿ ನನ್ನವರು ಟೈಗರ್ ನಟ್ ಬೆಳೆಸಿದ್ದರು. ಅದು ಒಣಕೊಬ್ಬರಿಯಂಥ ರುಚಿಯ ಗಡ್ಡೆ ಕೊಡುವ ಹುಲ್ಲು. ಧಾರವಾಡದ ಹೊಲದಲ್ಲಿ ಕಳೆ ಕಿತ್ತೇ ಮುದುಕಿಯಾದ ಅತ್ತೆ ಆ ವರ್ಷ ವಿಮಾನ ಹತ್ತಿ ನಮ್ಮಲ್ಲಿಗೆ ಬಂದವರು ಅದರ ಮುಂದೆ ಕುಕ್ಕರಿಸಿದರು.

"ಇದು ಜೇಕು ಕಳೆ ಅಲ್ಲೇನೋ? ಒಮ್ಮೆ ಹೊಲಾ ಹೊಕ್ಕರ ಮೊಮ್ಮಕ್ಕಳ ಕಾಲಕ್ಕೂ ಹೋಗಂಗಿಲ್ಲ."

"ಕುಂಡದಾಗ ಐತಿ, ಬಿಡವ್ವಾ," ಎಂದರು ನನ್ನವರು.

ಅತ್ತೆ ದಿನಾ ಬೆಳಿಗ್ಗೆ ಕುಂಡವನ್ನು ವಾಲಿಸಿ, ತಳದ ತೂತಿನಿಂದ ಬೇರು ಇಳಿದಿದೆಯೇ ಎಂದು ನೋಡುತ್ತಿದ್ದರು. ಅವರು ಊರಿಗೆ ಹೋದ ಮೇಲೆ ನಾನು ನೋಡತೊಡಗಿದೆ. ನೋಡದೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಅಳಿಲೊಂದು ಕುಂಡ ಕೆದರಿ, ಗಡ್ಡೆ ಕಚ್ಚಿಕೊಂಡು ಬೇಲಿ ಹಾರಿತು.

ಮುಂದಿನ ಬೇಸಿಗೆಯಲ್ಲಿ ಪಕ್ಕದ ಮನೆಯ ಮುದುಕ ಲಾನಿಗೆ ನೀರು ಹಾಯಿಸುತ್ತ ನನ್ನನ್ನು ಕರೆದ. "ಈ ಮೂಲೆಯ ಹುಲ್ಲು ಎಷ್ಟು ಸೊಗಸಾಗಿ ಬಂದಿದೆ, ನೋಡಿ."