ಮೀಟರಿನವರು ಕೊಟ್ಟ ಕಾಗದ

ಕಳೆದ ತಿಂಗಳು ಕೊಪ್ಪದ ಆಸ್ಪತ್ರೆಯಲ್ಲಿ ನನ್ನ ಇಸಿಜಿ ತೆಗೆದಾಗ ಯಂತ್ರದಿಂದ ಚೌಕುಳಿ ಕಾಗದ ಸರಸರನೆ ಹೊರಗೆ ಬಂತು. ಅದರ ಬೆಚ್ಚಗಿನ ವಾಸನೆ ಮೂಗಿಗೆ ಬಡಿದದ್ದೇ ನನಗೆ ಮೀಟರಿನವರು ನೆನಪಾದರು. ನೀವು ಯಾರೂ ಅವರನ್ನು ನೋಡಿಲ್ಲ, ಮಕ್ಕಳೇ. ಅವರ ಹೆಸರು ನನಗೂ ಗೊತ್ತಿಲ್ಲ. ಕೇಳಲೇ ಇಲ್ಲ...

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಬಸರೀಕಟ್ಟೆಯ ಹಿಟ್ಟಿನ ಗಿರಣಿಯನ್ನು ನಾನೇ ನಡೆಸುತ್ತಿದ್ದೆ. ನಿಮ್ಮ ಅಮ್ಮ ಆಗ ಹೈಸ್ಕೂಲು. ನಮ್ಮಿಬ್ಬರ ಊಟ, ಬಟ್ಟೆ, ಅವಳ ಓದು ಎಲ್ಲ ಅದರಿಂದಲೇ. ಒಂದು ಬೇಸಿಗೆಯಲ್ಲಿ ಬೀದಿಯ ಮನೆಗಳಲ್ಲಿ ಲೈಟು ಮಿಟುಕಲು ಶುರುವಾಯಿತು. ಎದುರು ಮನೆಯವರ ಟಿ.ವಿ. ಸುಟ್ಟಿತು. ಎಲ್ಲರೂ ನನ್ನ ಮೋಟರಿನ ಕಡೆ ಬೆರಳು ತೋರಿಸಿ ಅರ್ಜಿ ಕೊಟ್ಟರು. ಗಿರಣಿಯದೇ ತಪ್ಪು ಎಂದಾದರೆ ಅದರ ಕರೆಂಟು ತೆಗೆಯುತ್ತಾರೆ ಎಂಬ ಸುದ್ದಿ ಬಂತು.

ಪರೀಕ್ಷೆಗೆಂದು ಕೊಪ್ಪದ ಕರೆಂಟು ಆಫೀಸಿನಿಂದ ಜೀಪಿನಲ್ಲಿ ಬಂದವರು ಈ ಮೀಟರಿನವರು. ಎದುರು ಮನೆಯಲ್ಲಿ ಕಾಫಿ ಕುಡಿದು ಆಮೇಲೆ ನನ್ನಲ್ಲಿಗೆ ಬಂದರು. ಅವರು ಯಾರ ಕಡೆಯವರೆಂದು ತೀರ್ಮಾನಿಸಲು ನನಗೆ ಅಷ್ಟು ಸಾಕಾಯಿತು.

ಹೊಲಿಗೆ ಮೆಷಿನ್ನಿನಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಸ್ವಿಚ್ ಬೋರ್ಡಿಗೆ ಸಿಕ್ಕಿಸಿ ಕೂರಿಸಿದರು. ಕರೆಂಟಿನ ಏರಿಳಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರವಂತೆ. ಒಂದು ವಾರ ಇರಲಿ ಎಂದು ಮುಚ್ಚಳಕ್ಕೆ ಬೀಗ ಹಾಕಿ ಹೋದರು. ಆ ಬೀಗ ಕಂಡು ನನ್ನ ಸಂಶಯ ಇನ್ನೂ ಹೆಚ್ಚಿತು. ಹಿಟ್ಟು ಮಾಡಿಸಲು ಬಂದವರಿಗೆಲ್ಲ ಬೆಲ್ಟು ಹರಿದಿದೆ ಎಂದು ಸುಳ್ಳು ಹೇಳಿ, ವಾರವಿಡೀ ಗಿರಣಿ ನಿಲ್ಲಿಸಿಬಿಟ್ಟೆ. ಓಡದ ಮೋಟರಿನ ಮೇಲೆ ಅದು ಎಂತ ಬರೆದೀತು ಎಂದು.

ವಾರ ಕಳೆದು ಅವರು ಕಾಗದ ಬಿಚ್ಚಿದಾಗ ಗೆರೆ ಅಡಿಪಟ್ಟಿ ಹಿಡಿದು ಎಳೆದಷ್ಟು ನೇರವಾಗಿತ್ತು.

"ಎಂತದಮ್ಮಾ, ನನ್ನ ಪೆಟ್ಟಿಗೆ ಕಂಡು ನಿಮ್ಮ ಗಿರಣಿಗೆ ಜ್ವರ ಬಂತಾ?"

"ಬೆಲ್ಟು ಹರಿದಿತ್ತು" ಎಂದೆ, ನೆಲ ನೋಡುತ್ತಾ.

ಅವರು ಬೆಲ್ಟನ್ನು ಬೆರಳಿನಿಂದ ಮೀಟಿ ನೋಡಿದರು. ಒಂದು ಹೊಲಿಗೆಯೂ ಇರಲಿಲ್ಲ. ಅವರು ಸುಮ್ಮನೆ ನಕ್ಕರು. ಆ ನಗು ಕಂಡು ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಸುಳ್ಳು ಹೇಳೋದು ನಿಮ್ಮ ಯಂತ್ರ! ನಾನೇ ಬೇಕಂತ ಗಿರಣಿ ನಿಲ್ಲಿಸಿದ್ದಾಗ್ಲೂ ದಿನಾ ಮಧ್ಯಾಹ್ನ ಗಾಳಿಗೆ ಲೈಟು ಮಿಟುಕಿದೆ. ಅದೆಲ್ಲಿ ಬರೆದಿದೆ ಇದರಲ್ಲಿ?"

ಆಡಿದ ಮೇಲೆ ಗೊತ್ತಾಯಿತು, ನನ್ನ ಸುಳ್ಳನ್ನು ನಾನೇ ಒಪ್ಪಿಕೊಂಡಿದ್ದೆ. ಅವರು ಬೈಯಲಿಲ್ಲ. ಎಷ್ಟು ಹೊತ್ತು ಮಿಟುಕುತ್ತದೆ ಎಂದು ಕೇಳಿದರು. ಕಣ್ಣು ಮುಚ್ಚಿ ತೆಗೆಯುವಷ್ಟು ಎಂದೆ.

"ಹಾಗಾದ್ರೆ ತಪ್ಪು ನಂದೇ. ಹಿಟ್ಟು ನುಣ್ಣಗಾಯ್ತಾ ಅಂತ ನೀವು ಎಷ್ಟು ಸಲ ಚಿವುಟಿ ನೋಡ್ತೀರಿ?"

"ಬೀಳುವಷ್ಟು ಹೊತ್ತೂ."

"ನಾನು ಮೂಟೆಗೆ ಒಂದೇ ಸಲ ಚಿವುಟಿದ್ದೆ, ಮಾರಾಯ್ರೆ."

ಆಮೇಲೆ ತೋರಿಸಿದರು. ಒಂದು ಗುಂಡಿ ತಿರುಗಿಸಿದರೆ ಕಾಗದದ ಒಂದು ಚೌಕದಲ್ಲಿ ಎಷ್ಟು ಹೊತ್ತು ಹಿಡಿಸಬೇಕೆಂದು ಗೊತ್ತುಮಾಡಬಹುದು. ಇನ್ನೊಂದು, ಕರೆಂಟನ್ನು ಎಷ್ಟು ಸಲ ಅಳೆಯಬೇಕೆಂದು. ಇಡೀ ವಾರ ಹಿಡಿಸಲೆಂದು ಅವರು ಚೌಕಕ್ಕೆ ಒಂದು ಗಂಟೆ ಇಟ್ಟಿದ್ದರು. ಯಂತ್ರ ನಿಮಿಷಕ್ಕೊಮ್ಮೆ ಮಾತ್ರ ಅಳೆಯುತ್ತಿತ್ತು. ನಡುವೆ ಮಿಟುಕಿದ್ದು ಅದಕ್ಕೆ ಸಿಕ್ಕಿರಲಿಲ್ಲ. ಈಗ ಒಂದು ಸೆಕೆಂಡನ್ನು ಹತ್ತು ಚೌಕಕ್ಕೆ ಹರಡಿದರು, ಸೆಕೆಂಡಿಗೆ ಸಾವಿರ ಸಲ ಅಳೆಯುವಂತೆ ಮಾಡಿದರು.

"ಇಷ್ಟು ಜೋರಿಗೆ ಓಡಿದ್ರೆ ಹತ್ತು ನಿಮಿಷಕ್ಕೆ ಕಾಗದ ಖಾಲಿ. ಇರೋದು ಒಂದೇ ಸುರುಳಿ. ಯಾವಾಗ ಶುರು ಮಾಡ್ಲಿ, ನೀವೇ ಹೇಳಿ."

ನಾನು ಬಾಗಿಲಲ್ಲಿ ನಿಂತು ಬೀದಿಯಾಚೆಯ ಎಸ್ಟೇಟಿನ ಸಿಲ್ವರ್ ಓಕ್ ಮರಗಳ ತುದಿ ನೋಡುತ್ತಿದ್ದೆ. ಇದೂ ಒಂದು ಬಲೆಯೇ ಇರಬಹುದೇ ಎಂದು ಮನಸ್ಸು ಕೊರೆಯುತ್ತಲೇ ಇತ್ತು. ತುದಿಗಳು ಬಾಗತೊಡಗಿದಾಗ "ಈಗ" ಎಂದೆ.

ಅದೇ ಬೆಚ್ಚಗಿನ ವಾಸನೆಯ ಕಾಗದ ಸರಸರನೆ ಬಂತು. ಬಲ್ಬು ಮಿಟುಕಿತು. ಈ ಸಲ ಗೆರೆ ನೇರವಿರಲಿಲ್ಲ, ಅಲೆ ಅಲೆಯಾಗಿತ್ತು; ಒತ್ತಾದ ಆ ಅಲೆಗಳ ನಡುವೆ ನಾಲ್ಕು ಚೌಕದಷ್ಟು ಉದ್ದ ಅಲೆ ಕುಗ್ಗಿಹೋಗಿತ್ತು. ಮೋಟರು ಆಗ ಓಡುತ್ತಲೇ ಇರಲಿಲ್ಲ. ಅವರು ಕಂಬಗಳನ್ನೆಲ್ಲ ನೋಡುತ್ತಾ ಹೋದರೆ, ಬೀದಿ ತುದಿಯ ಕಂಬದಲ್ಲಿ ತಂತಿಯ ಜೋಡಣೆ ಸಡಿಲವಾಗಿ ಗಾಳಿಗೆ ಅಲುಗುತ್ತಿತ್ತು. ಸಂಜೆಯೊಳಗೆ ಸರಿಯಾಯಿತು. ಗಿರಣಿ ಉಳಿಯಿತು.

ಅವರು ಕುಗ್ಗಿದ ಜಾಗಕ್ಕೆ ಪೆನ್ನಿನಿಂದ ಸುತ್ತು ಹಾಕಿ, "ಇದು ಗಿರಣಿಯಿಂದಲ್ಲ" ಎಂದು ಬರೆದು, ರುಜು ಹಾಕಿ ನನ್ನ ಕೈಗೆ ಕೊಟ್ಟರು. ಬಿಸಿಗೆ ಮೂಡಿದ ಈ ಗೆರೆ ಮಾಸುತ್ತದೆ, ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ ಎಂದರು. ಜೆರಾಕ್ಸ್ ಅಂಗಡಿ ಎದುರು ಮನೆಯವರ ತಮ್ಮನದು. ಅಲ್ಲಿಗೇ ಕಳಿಸುತ್ತಾರಲ್ಲ ಎಂದುಕೊಂಡು ಕಾಗದವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಅವರಿಗೆ ಒಂದು ಲೋಟ ಕಾಫಿಯನ್ನೂ ಕೊಡಲಿಲ್ಲ. ತಮ್ಮ ಬಾಟಲಿಯ ನೀರು ಕುಡಿದು ಜೀಪು ಹತ್ತಿದರು...

ಎಷ್ಟೋ ವರ್ಷದ ಮೇಲೆ ಚಕ್ಕುಲಿ ಮಾಡಿಕೊಂಡು ಕೊಪ್ಪದ ಆಫೀಸಿಗೆ ಹೋಗಿ, ಬಸರೀಕಟ್ಟೆ ಗಿರಣಿಗೆ ಪೆಟ್ಟಿಗೆ ಕೂರಿಸಿದವರೆಲ್ಲಿ ಎಂದು ಕೇಳಿದೆ. ನರಸಿಂಹರಾಜಪುರಕ್ಕೆ ವರ್ಗವಾಗಿದೆ ಎಂದರು. ಅಲ್ಲಿಗೂ ಹೋದೆ. ರಿಟೈರಾದ ಮರುವರ್ಷವೇ ತೀರಿಕೊಂಡರಂತೆ. ಡಬ್ಬಿ ಹಾಗೇ ವಾಪಸು ಬಂತು.

ಇಸಿಜಿ ತೆಗೆದ ದಿನ ಆಸ್ಪತ್ರೆಯ ನರ್ಸೂ ಅದನ್ನೇ ಹೇಳಿದಳು, "ಜೆರಾಕ್ಸ್ ಮಾಡ್ಸಿ ಅಜ್ಜಿ, ಇದು ಮಾಸ್ತದೆ." ಮನೆಗೆ ಬಂದವಳೇ ಟ್ರಂಕು ತೆಗೆದೆ. ಅಲೆಯಿಲ್ಲ, ಗೆರೆಯಿಲ್ಲ. ಖಾಲಿ ಚೌಕಗಳ ನಡುವೆ ಅವರ ಪೆನ್ನಿನ ಸುತ್ತು, ಕೆಳಗೆ ಅವರ ಅಕ್ಷರ, ಬಿಡಿಸಿ ಓದಲಾಗದ ಒಂದು ರುಜು.

ಅದನ್ನೇ ಹಿಡಿದುಕೊಂಡು ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದರಲ್ಲಿ ಎಂತ ಉಂಟು ಅಜ್ಜಿ, ತೆಗೆಯೋದಕ್ಕೆ?"

"ಉಳಿದದ್ದು ಉಂಟಲ್ಲ, ಅಷ್ಟನ್ನೇ ತೆಗಿ" ಎಂದೆ.